ನಿಮ್ಮ ಪಿಕಪ್‌ಗೆ ಯಾವ ಎಣ್ಣೆ?

ರಟ್ಟೀಹಳ್ಳಿಯಲ್ಲಿ ನಸುಕಿಗೇ ಎದ್ದವರಿಗೆ ಪಿಕಪ್ ಗಾಡಿಯ ಸದ್ದು ಹೊಸದಲ್ಲ. ಹಂಗಾಮಿಗೆ ತಕ್ಕಂತೆ ಅದರ ಹೇರು ಬದಲಾಗುತ್ತದೆ. ಒಮ್ಮೆ ಗೋವಿನಜೋಳ, ಒಮ್ಮೆ ಹತ್ತಿ, ಒಮ್ಮೆ ಬ್ಯಾಡಗಿ ಪೇಟೆಗೆ ಹೊರಟ ಮೆಣಸಿನಕಾಯಿ ಚೀಲ. ಹಿಂದೆ ಈ ಕೆಲಸವನ್ನು ಚಕ್ಕಡಿ ಮಾಡುತ್ತಿತ್ತು. ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಚಕ್ಕಡಿ ಹೂಡುತ್ತಿರಲಿಲ್ಲ. ಎಣ್ಣೆ ಆರಿದರೆ ಗಾಲಿ ಕಿರುಗುಟ್ಟಿ ಊರಿಗೆಲ್ಲ ಹೇಳುತ್ತಿತ್ತು. ಎಂಜಿನ್ ಹಾಗಲ್ಲ. ಎಣ್ಣೆ ಕೆಟ್ಟರೂ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಸದ್ದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಖರ್ಚು ಕೈಮೀರಿರುತ್ತದೆ.

ಬೊಲೆರೊ ಪಿಕಪ್ ಇರಲಿ, ನಮ್ಮ ಜನ ಛೋಟಾ ಹಾಥಿ ಎಂದು ಕರೆಯುವ ಟಾಟಾ ಏಸ್ ಇರಲಿ, ಗಾಡಿ ಇಟ್ಟವರು ಕೇಳುವ ಪ್ರಶ್ನೆ ಒಂದೇ: ಸಿಂಥೆಟಿಕ್ ಆಯಿಲ್ ಹಾಕಿಸಬೇಕೋ, ಸಾದಾ ಆಯಿಲ್ ಸಾಕೋ? ಇಂದಿನ ಮಾತು ಅದರ ಬಗ್ಗೆ.

ಎಂಜಿನ್ನಿನಲ್ಲಿ ಎಣ್ಣೆ ಬರೀ ಜಾರಿಸುವುದಿಲ್ಲ. ಓಡುವ ಲೋಹಗಳ ನಡುವೆ ಕೂದಲಿಗಿಂತ ತೆಳುವಾದ ಪೊರೆಯಾಗಿ ನಿಂತು ಒಂದನ್ನೊಂದು ಮುಟ್ಟಗೊಡುವುದಿಲ್ಲ. ಪಿಸ್ಟನ್ನಿನ, ಬೇರಿಂಗಿನ ಕಾವನ್ನು ಹೊತ್ತು ತರುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಡ್ಡೆಕಟ್ಟದಂತೆ ತನ್ನೊಳಗೆ ಹಿಡಿದಿಡುತ್ತದೆ, ಆಮ್ಲವನ್ನು ಸಪ್ಪೆ ಮಾಡುತ್ತದೆ. ಇನ್ನು ಟರ್ಬೊ ಇದ್ದರಂತೂ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಅದರ ದಂಡಕ್ಕೆ ಈ ಎಣ್ಣೆಯೇ ಆಸರೆ.

ಸಾದಾ ಎಣ್ಣೆ ಎಂದರೆ ಖನಿಜ ಎಣ್ಣೆ. ಕಚ್ಚಾತೈಲವನ್ನು ಶುದ್ಧಮಾಡಿ ತೆಗೆದದ್ದು. ಅದರಲ್ಲಿ ಸಣ್ಣ, ದೊಡ್ಡ, ನೇರ, ಸೊಟ್ಟ, ಎಲ್ಲ ಬಗೆಯ ಅಣುಗಳೂ ಬೆರೆತಿರುತ್ತವೆ. ಸಿಂಥೆಟಿಕ್ ಎಣ್ಣೆಯ ಅಣುಗಳನ್ನು ಮಾತ್ರ ಬೇಕಾದ ಅಳತೆಗೆ ಕಟ್ಟಿರುತ್ತಾರೆ. ಬೀಜೋತ್ಪಾದನೆ ಬಲ್ಲ ನಮ್ಮ ರಾಣೆಬೆನ್ನೂರು ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದ ರಾಶಿಯನ್ನು ಜರಡಿ ಹಿಡಿದು ಆರಿಸಿದ ಕಾಳು ಒಂದು ಬಗೆ, ಹೂವಿಗೆ ಹೂವು ಕೂಡಿಸಿ ಬೇಕೆಂದೇ ಬೆಳೆಸಿದ ಬೀಜ ಇನ್ನೊಂದು ಬಗೆ.

ಮೂಲ ಎಣ್ಣೆಗಳನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, ಐದು ಗುಂಪಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪು ಸಾದಾ ಖನಿಜ ಎಣ್ಣೆ. ಮೂರನೆಯದೂ ಕಚ್ಚಾತೈಲದಿಂದಲೇ ಬರುತ್ತದೆ, ಆದರೆ ಹೈಡ್ರೋಜನ್ ಹಾಯಿಸಿ ಅಣುಗಳನ್ನೇ ಒಡೆದು ತಿದ್ದಿರುತ್ತಾರೆ. ನಾಲ್ಕನೆಯದು ಪಿಎಒ, ಪೂರ್ತಿ ಕಟ್ಟಿದ ಎಣ್ಣೆ. ಐದನೆಯದರಲ್ಲಿ ಎಸ್ಟರ್ ಮೊದಲಾದವು ಬರುತ್ತವೆ. ಜೆಟ್ ವಿಮಾನದ ಎಂಜಿನ್ನಿಗೆ ಇವತ್ತಿಗೂ ಎಸ್ಟರ್ ಎಣ್ಣೆಯೇ ಬೇಕು. ರಸಾಯನಶಾಸ್ತ್ರದ ಲೆಕ್ಕದಲ್ಲಿ ನಮ್ಮ ಔಡಲೆಣ್ಣೆಯೂ ಎಸ್ಟರೇ. 1909ರಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಕಂಪನಿ ಎಂಜಿನ್ ಎಣ್ಣೆಗೆ ಔಡಲೆಣ್ಣೆ ಬೆರೆಸಿತು. ಔಡಲಕ್ಕಿರುವ ಇಂಗ್ಲಿಷ್ ಹೆಸರು ಕ್ಯಾಸ್ಟರ್. ಆ ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಅದರಿಂದಲೇ.

ಇಲ್ಲಿ ಒಂದು ಎಚ್ಚರಿಕೆ. ಮೂರನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದೇ ಎಂಬ ಜಗಳ ಅಮೆರಿಕದಲ್ಲಿ ಎದ್ದಾಗ, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಮಾರಬಹುದು ಎಂದಿತು. ಇಂದು ಸಿಂಥೆಟಿಕ್ ಎಂದು ಬರೆದ ಎಷ್ಟೋ ಡಬ್ಬಿಗಳಲ್ಲಿ ಇರುವುದು ಆ ಮೂರನೇ ಗುಂಪೇ. ಅದು ಕೆಟ್ಟ ಎಣ್ಣೆಯಲ್ಲ, ಒಳ್ಳೆಯದೇ. ಆದರೆ ಡಬ್ಬಿಯ ಮೇಲಿನ ದೊಡ್ಡಕ್ಷರದ ಮಾತಿನಿಂದ ಗುಣ ಅಳೆಯಲು ಬರುವುದಿಲ್ಲ. ಅಳೆಯಬೇಕಾದದ್ದು ಸಣ್ಣಕ್ಷರದಲ್ಲಿರುತ್ತದೆ. ಅದನ್ನು ಓದುವುದು ಹೇಗೆ ಎಂದು ನೋಡೋಣ.

ಮೊದಲು ಗ್ರೇಡ್. 15ಡಬ್ಲ್ಯೂ-40 ಅಥವಾ 5ಡಬ್ಲ್ಯೂ-30 ಎಂದು ಬರೆದಿರುತ್ತದೆ. ಜೋನಿಬೆಲ್ಲ ಚಳಿಗೆ ಗಟ್ಟಿಯಾಗಿ ಬಿಸಿಗೆ ನೀರಾಗುವಂತೆ ಎಣ್ಣೆಯೂ ಆಗುತ್ತದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ತಣ್ಣಗಿದ್ದಾಗ ಬೇಗ ಹರಿಯುತ್ತದೆ. 15ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 5ಡಬ್ಲ್ಯೂ ಎಣ್ಣೆಯನ್ನು 30 ಡಿಗ್ರಿ ಕೆಳಗೆ. ಹಾವೇರಿ ಜಿಲ್ಲೆಯಲ್ಲಿ ಅಂಥ ಚಳಿಯಿಲ್ಲ. ಹಾಗಾಗಿ ಚಳಿಯ ಭಯಕ್ಕೆ ನಾವು ದುಬಾರಿ ಎಣ್ಣೆ ಕೊಳ್ಳಬೇಕಿಲ್ಲ. ಕೊನೆಯ ಅಂಕಿ ಎಂಜಿನ್ ಕಾದಾಗಿನ ದಪ್ಪವನ್ನು ಹೇಳುತ್ತದೆ. 100 ಡಿಗ್ರಿ ಬಿಸಿಯಲ್ಲಿ 40ರ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್‌ನ ಒಳಗಿರಬೇಕು, 30ರದು 9.3ರಿಂದ 12.5ರ ಒಳಗೆ. ಎಣ್ಣೆ ಖನಿಜವಿರಲಿ, ಸಿಂಥೆಟಿಕ್ ಇರಲಿ, ಅಂಕಿ ಒಂದೇ ಆದರೆ ಕಾದಾಗಿನ ದಪ್ಪವೂ ಅದೇ ಮಿತಿಯೊಳಗಿರುತ್ತದೆ. ದಪ್ಪ ಎಣ್ಣೆ ಹಾಕಿದರೆ ಎಂಜಿನ್ ಗಟ್ಟಿ ಎಂಬುದು ತಪ್ಪು ತಿಳಿವಳಿಕೆ. ತೆಳು ಎಣ್ಣೆಗೆಂದು ಮಾಡಿದ ಎಂಜಿನ್ನಿನ ಸಂದಿಗಳು ಕಿರಿದಾಗಿರುತ್ತವೆ. ಅಲ್ಲಿಗೆ ದಪ್ಪ ಎಣ್ಣೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ.

ಎರಡನೆಯದು ಎಪಿಐ ದರ್ಜೆ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದಾದರೆ ಡೀಸೆಲ್ಲಿಗೆ. ಸಿಐ-4 ಬಂದದ್ದು 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಗೆ. ಹಳೆಯ ಗಾಡಿಗೆ ಸಿಐ-4 ಕೇಳಿದ್ದರೆ ಸಿಕೆ-4 ಹಾಕಬಹುದು. ಹೊಸ ಗಾಡಿ ಸಿಕೆ-4 ಕೇಳಿದ್ದರೆ ಸಿಐ-4 ಹಾಕಬಾರದು. ಕೆಲವು ಹೊಸ ಎಂಜಿನ್‌ಗಳು ಯುರೋಪಿನ ಎಸಿಇಎ ದರ್ಜೆ ಕೇಳುತ್ತವೆ. ಆಗ ಅದನ್ನೇ ಹುಡುಕಿ ತರಬೇಕು.

ಈ ಕಟ್ಟುನಿಟ್ಟಿಗೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್6 ನಿಯಮ ಬಂತು. ಡೀಸೆಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಅನೇಕ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಬಂದು ಕೂತಿತು. ಒಲೆಯಲ್ಲಿ ಮಸಿ ಉರಿದುಹೋದರೂ ಬೂದಿ ಉಳಿಯುತ್ತದಲ್ಲ, ಇಲ್ಲಿಯೂ ಹಾಗೆಯೇ. ಜಾಲರಿಯಲ್ಲಿ ಸಿಕ್ಕ ಮಸಿಯನ್ನು ಎಂಜಿನ್ ಆಗಾಗ ತಾನೇ ಸುಡುತ್ತದೆ. ಎಣ್ಣೆಯಲ್ಲಿನ ಲೋಹದ ಲವಣಗಳಿಂದ ಬಂದ ಬೂದಿ ಮಾತ್ರ ಅಲ್ಲೇ ಕೂರುತ್ತದೆ. ಸಿಕೆ-4 ಎಣ್ಣೆಯಲ್ಲಿ ಈ ಬೂದಿಗೆ ಶೇಕಡಾ 1ರ ಮಿತಿ ಇದೆ. ಹೆಚ್ಚು ಬೂದಿಯ ಹಳೆಯ ಎಣ್ಣೆ ಹಾಕಿ ಇಂದು ಉಳಿಸಿದ ಹಣ ನಾಳೆ ಜಾಲರಿ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಹಾಗಾದರೆ ಸಿಂಥೆಟಿಕ್ ಯಾರಿಗೆ ಬೇಕು? ಗಾಡಿಯ ಪುಸ್ತಕವೇ ಕೇಳಿದ್ದರೆ ಎರಡನೆಯ ಮಾತಿಲ್ಲ, ಹಾಕಲೇಬೇಕು. ಕೇಳದಿದ್ದರೆ ನಿಮ್ಮ ದುಡಿಮೆ ನೋಡಿ ನಿರ್ಧರಿಸಿ. ಬೇಸಿಗೆಯ ಬಿಸಿಲಿನಲ್ಲಿ ತುಂಬು ಹೇರಿನೊಂದಿಗೆ ಹೆದ್ದಾರಿ ಹಿಡಿದು ದಿನವಿಡೀ ಓಡುವ ಟರ್ಬೊ ಗಾಡಿಗೆ ಸಿಂಥೆಟಿಕ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಕಾವಿಗೆ ಅದು ಬೇಗ ಆವಿಯಾಗುವುದಿಲ್ಲ, ಬೇಗ ಗಸಿಗಟ್ಟುವುದಿಲ್ಲ, ದಪ್ಪವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಹೊಲದಿಂದ ಊರಿಗೆ, ಊರಿನಿಂದ ಸಂತೆಗೆ ಎಂದು ದಿನಕ್ಕೆ ನಾಲ್ಕಾರು ಮೈಲಿ ಓಡುವ ಹಳೆಯ ಗಾಡಿಗೆ ಸರಿಯಾದ ದರ್ಜೆಯ ಖನಿಜ ಎಣ್ಣೆ ಸಾಕು. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು, ಅಷ್ಟೇ.

ಸಿಂಥೆಟಿಕ್ ಹಾಕಿದ ಮೇಲೆ ಎಷ್ಟು ಓಡಿಸಿದರೂ ನಡೆಯುತ್ತದೆ ಎಂದು ನಂಬಿ ಅವಧಿ ಮೀರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಗಟ್ಟಿಯಿದ್ದರೂ ಅದರಲ್ಲಿ ಮಸಿ, ಆಮ್ಲ, ನಮ್ಮ ಕೆಮ್ಮಣ್ಣಿನ ಧೂಳು ಸೇರುವುದು ನಿಲ್ಲುವುದಿಲ್ಲ. ಕಿಲೋಮೀಟರು ತುಂಬದಿದ್ದರೂ ಪುಸ್ತಕ ಹೇಳಿದ ತಿಂಗಳು ತುಂಬಿದರೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟ ಗುರುತು, ಹೆದರಬೇಡಿ. ವಾರಕ್ಕೊಮ್ಮೆ ಗಾಡಿ ಸಮನಾದ ನೆಲದಲ್ಲಿದ್ದಾಗ ಡಿಪ್‌ಸ್ಟಿಕ್ ತೆಗೆದು ನೋಡಿ. ಮಟ್ಟ ಇಳಿದಿದ್ದರೆ ತುಂಬಿಸಿ. ತಾನಾಗಿಯೇ ಏರಿದ್ದರೆ ಡೀಸೆಲ್ ಅಥವಾ ನೀರು ಬೆರೆತಿರಬಹುದು, ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ. ಸೀಲ್ ಇರುವ ಡಬ್ಬಿಯನ್ನೇ ಬಿಲ್ಲಿನೊಂದಿಗೆ ಕೊಳ್ಳಿ. ಖಾಲಿ ಡಬ್ಬಿ ಕೊಯ್ದು ಎಸೆಯಿರಿ, ನಕಲಿ ಎಣ್ಣೆಯವರ ಕೈಗೆ ಅದು ಸಿಗದಿರಲಿ.

ಕೊನೆಯದಾಗಿ, ತೆಗೆದ ಎಣ್ಣೆಯ ಮಾತು. ಅದನ್ನು ಹೊಲದ ಬದುವಿಗೆ ಸುರಿಯುವುದು, ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವುದು, ದನದ ಗಾಯಕ್ಕೆ ಹಚ್ಚುವುದು ನಮ್ಮಲ್ಲಿ ಇನ್ನೂ ಇದೆ. ಅದರಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿರುತ್ತವೆ. ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯ ಎಂದು ಕರೆಯುತ್ತದೆ. ಅದೇ ಎಣ್ಣೆಯನ್ನು ಶುದ್ಧಮಾಡಿ ಮತ್ತೆ ಬಳಸಲು ಬರುತ್ತದೆ. 2024ರ ಏಪ್ರಿಲ್ 1ರಿಂದ ಆ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಆದ್ದರಿಂದ ತೆಗೆದ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಅದನ್ನು ಪರವಾನಗಿ ಇದ್ದವರಿಗೆ ಒಪ್ಪಿಸುವ ಗ್ಯಾರೇಜಿಗೇ ಕೊಡಿ.

ಮದಗದ ಕೆರೆಯ ಸೀಮೆಯನ್ನು ದಾಟಿ, ರಟ್ಟೀಹಳ್ಳಿಯ ಕದಂಬೇಶ್ವರನ ಊರನ್ನು ಬಳಸಿ ಕುಮುದ್ವತಿ ತುಂಗಭದ್ರೆಯನ್ನು ಸೇರುತ್ತಾಳೆ. ನಾವು ಚರಂಡಿಗೆ ಸುರಿದ ಎಣ್ಣೆ ಮೊದಲ ಮಳೆಗೆ ಅವಳನ್ನೇ ಸೇರುತ್ತದೆ. ಗಾಡಿಗೆ ಪುಸ್ತಕ ಹೇಳಿದ ಎಣ್ಣೆಯನ್ನು ಹೇಳಿದ ಹೊತ್ತಿಗೆ ಹಾಕಿ, ತೆಗೆದ ಎಣ್ಣೆಯ ಒಂದು ಹನಿಯೂ ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ.