ಮತ್ತೆ ಕೂಡಿತು ನಮ್ಮ ಗೀಗೀ ಮೇಳ



ನಾವು ನಾಲ್ಕು ಮಂದಿ. ವಿಜಯಪುರ ಜಿಲ್ಲೆಯ ಸಣ್ಣ ಊರಿನವರು. ಗೀಗೀ ಪದ ಹಾಡುತ್ತೇವೆ. ಒಬ್ಬಾಕೆ ದಪ್ಪು ಬಾರಿಸುತ್ತಾಳೆ, ಮುಂದೆ ನಿಂತು ಹಾಡುತ್ತಾಳೆ. ಇನ್ನೊಬ್ಬಾಕೆಯದು ತುಂತುಣಿ. ಅದಕ್ಕೆ ಒಂದೇ ತಂತಿ. ಉಳಿದಿಬ್ಬರದು ತಾಳ. ಹಿಂದೆ ನಿಂತವರು ‘ಗೀ ಗೀ’ ಎಂದು ದನಿ ಕೂಡಿಸುತ್ತೇವೆ. ಅದಕ್ಕೇ ಗೀಗೀ ಪದ ಎಂಬ ಹೆಸರು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯದ ಮಾತನ್ನು ಊರೂರಿಗೆ ಮುಟ್ಟಿಸಿದ ಹಾಡು ಇದು.

ಹಾಡಿನಲ್ಲಿ ಎರಡು ಪಕ್ಷ. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಅನ್ನುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಅನ್ನುತ್ತಾರೆ. ನಾವು ನಾಗೇಶಿ. ರಾತ್ರಿ ವಾದ ಶುರುವಾದರೆ ಬೆಳತನಕ ನಡೆಯುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

2011ರಲ್ಲಿ ಮೇಳ ನಿಂತಿತು. ದಪ್ಪಿನ ಅಕ್ಕನ ಗಂಡ ತೀರಿಕೊಂಡರು. ‘ಗಂಡ ಸತ್ತಾಕಿ ಮಂದಿ ಮುಂದ ನಿಂತು ನಗಸ್ತಾಳೇನು?’ ಎಂದು ಓಣಿಯವರು ಆಡಿಕೊಂಡರು. ಅಕ್ಕ ದಪ್ಪನ್ನು ಗೂಟಕ್ಕೆ ತೂಗುಹಾಕಿದಳು. ನಾವು ಮೂವರು ಬಾಯಿ ಮುಚ್ಚಿಕೊಂಡು ಕೂತೆವು. ರಾತ್ರಿಯೆಲ್ಲ ಹೆಣ್ಣು ಹೆಚ್ಚು ಎಂದು ಹಾಡಿದವರು ನಾವೇ! ಹೇಳಲು ಈಗಲೂ ನಾಚಿಕೆ.

12 ವರ್ಷ ಹಾಗೇ ಹೋಯಿತು.

2023ರಲ್ಲಿ ಒಂದು ದಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಅಕ್ಕ ತನ್ನಷ್ಟಕ್ಕೆ ತಾನೇ ಗುನುಗಿದಳು. ನಮಗೆ ಗೊತ್ತಿಲ್ಲದೆ ಹಿಂದಿನಿಂದ ‘ಗೀ ಗೀ’ ಅಂದುಬಿಟ್ಟೆವು. ನಮ್ಮಲ್ಲಿ ಇಬ್ಬರಿಗೆ ಮುಂದಿನ ಹಲ್ಲಿಲ್ಲ. ಹಾಡಿನ ಬದಲು ಸೀಟಿ ಬಂತು. ಅಕ್ಕ ನಗಲು ಶುರು ಮಾಡಿದಳು. ನಗುತ್ತಾ ಅತ್ತಳು.

ಸಂಜೆ ಆಕೆಯ ಮನೆಗೆ ಹೋದೆವು. ‘ನಮ್ದು ತಪ್ಪಾತಕ್ಕ’ ಅಂದೆವು.

‘ತಪ್ಪಿನ ಮಾತು ಬಿಡ್ರಿ, ದಪ್ಪಿನ ಮಾತು ಹೇಳ್ರಿ’ ಅಂದಳು.

ದಪ್ಪಿನ ಚರ್ಮವನ್ನು ಇಲಿ ಕಡಿದಿತ್ತು. ಹೊಸ ಚರ್ಮ ಹಾಕಿಸಿದೆವು. ಪಕ್ಕದೂರಿನ ಜಾತ್ರೆಗೆ ಹೋದೆವು. ಓಣಿಯವರು ಏನಂದರೋ, ಕೇಳಲು ನಾವು ನಿಲ್ಲಲಿಲ್ಲ.

ಹರದೇಶಿಯ ಹಾಡುಗಾರ ಮೀಸೆ ತಿರುವಿದ. ‘ಗಂಡಸೇ ಮನಿಗೆ ಯಜಮಾನ’ ಅಂದ.

ಅಕ್ಕ ಕೇಳಿದಳು: ‘ಹೌದಪ್ಪ ಯಜಮಾನ, ನಿನ್ನ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಹೇಳು.’

ಆತ ತಲೆ ಕೆರೆದುಕೊಂಡ. ಮಂದಿಯ ನಡುವಿನಿಂದ ಆತನ ಹೆಂಡತಿಯೇ ಕೂಗಿದಳು: ‘ಹೇಳ್ರಿ, ಹೇಳ್ರಿ!’

ಆಗಷ್ಟೇ ಸರಕಾರದ ಶಕ್ತಿ ಯೋಜನೆ ಬಂದಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಅಕ್ಕ ಅದನ್ನೂ ಬಿಡಲಿಲ್ಲ. ‘ನಾವು ಪುಕ್ಕಟೆ ಬಂದೀವಿ. ನೀ ಟಿಕೀಟ ತಗಿಸಿ ಬಂದಿ. ಸರಕಾರ ಶಕ್ತಿ ಅಂತ ಹೆಸರಿಟ್ಟೈತಿ. ಶಿವನ ಬಸ್ಸು ಎಲ್ಲೈತಪ್ಪ?’ ಅಂದಳು.

ಆತನೂ ಸುಮ್ಮನಿರಲಿಲ್ಲ. ‘ಆ ಬಸ್ ಹೊಡಿಯಾಂವ ಗಂಡಸೇ ಅದಾನಲ್ಲ!’ ಅಂದ. ಆ ಮಾತಿಗೆ ನಾವು ಸೋತೆವು. ಸುಳ್ಳು ಯಾಕೆ ಹೇಳಬೇಕು?

ಇವತ್ತು ಅದೇ ಮೇಳ ಇಲ್ಲಿಗೂ ಬಂದಿದೆ. ಬರುವಾಗ ಬಸ್ಸಿನಲ್ಲಿ ಕೂತು ನಾವು ಉತ್ತರ ಕಟ್ಟಿದ್ದೇವೆ. ಬೆಂಕಿ ಕಾಸಿ ದಪ್ಪನ್ನು ಬಿಗಿ ಮಾಡಿದ್ದೇವೆ. ಸ್ವಲ್ಪ ಜಾಗ ಬಿಡಿರವ್ವ, ತಾಳದವರು ಮುಂದ ಬರಲಿ.