ಮಿತ್ರ ಯಾರು, ಶತ್ರು ಯಾರು?



ಭಾರತದ ಕಮ್ಯುನಿಸ್ಟ್ ಚಳವಳಿಯ ಚರಿತ್ರೆ ಎಂದರೆ ಒಡಕುಗಳ ಚರಿತ್ರೆ ಎಂದು ಹಗುರವಾಗಿ ಹೇಳಿಬಿಡುವವರಿದ್ದಾರೆ. ನಾಯಕರ ಮೇಲಾಟ ಅಲ್ಲಿ ಇರಲಿಲ್ಲವೆಂದಲ್ಲ. ಆದರೆ ಒಡಕುಗಳ ಬುಡದಲ್ಲಿ ಒಂದು ಗಟ್ಟಿ ಪ್ರಶ್ನೆಯಿತ್ತು. ಕೂಲಿಕಾರನೂ ಬಡ ರೈತನೂ ಯಾರ ಜೊತೆ ಸೇರಿ ಹೋರಾಡಬೇಕು? ದೇಶದ ಬಂಡವಾಳಗಾರ ಬ್ರಿಟಿಷರಿಗೆ ಎದುರು ನಿಂತರೆ ಅವನು ಮಿತ್ರನೇ? ಅನುಕೂಲಸ್ಥ ರೈತ ಜಮೀನ್ದಾರನಿಗೆ ಎದುರು ನಿಂತರೆ ಅವನು ಎಲ್ಲಿಯವರೆಗೆ ಜೊತೆಗಾರ? ಈ ಪ್ರಶ್ನೆ ನಡೆದುಬಂದ ದಾರಿಯನ್ನು ಇವತ್ತು ನೋಡೋಣ.

ವಾದ ಮೊದಲು ಎದ್ದದ್ದು ಭಾರತದಲ್ಲಲ್ಲ, ರಷ್ಯಾದಲ್ಲಿ. 1920ರ ಬೇಸಿಗೆಯಲ್ಲಿ ದೇಶದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಎರಡನೇ ಮಹಾಧಿವೇಶನ ನಡೆಯಿತು. ಬಂಗಾಳದ ಎಂ.ಎನ್. ರಾಯ್ ಅಲ್ಲಿಗೆ ಹೋದದ್ದು ಮೆಕ್ಸಿಕೋದ ಪ್ರತಿನಿಧಿಯಾಗಿ. ವಸಾಹತುಗಳಲ್ಲಿ ವಿದೇಶಿ ಆಳ್ವಿಕೆಯ ವಿರುದ್ಧ ನಡೆಯುವ ಹೋರಾಟಕ್ಕೆ, ಅದರ ನಾಯಕತ್ವ ಬಂಡವಾಳಗಾರ ವರ್ಗದ ಕೈಯಲ್ಲಿದ್ದರೂ, ಕಮ್ಯುನಿಸ್ಟರು ಬೆಂಬಲ ಕೊಡಬೇಕು ಎಂಬುದು ಲೆನಿನ್ ವಾದ. ಆದರೆ ತಮ್ಮ ಸಂಘಟನೆಯನ್ನು ಅದರಲ್ಲಿ ಕರಗಿಸಿಬಿಡಬಾರದು ಎಂದೂ ಅವರು ಹೇಳಿದ್ದರು. ರಾಯ್ ಒಪ್ಪಲಿಲ್ಲ. ವಸಾಹತಿನಲ್ಲಿ ಎರಡು ಚಳವಳಿಗಳಿವೆ, ಒಂದು ಮೇಲಿನವರ ಸ್ವರಾಜ್ಯಕ್ಕೆ, ಇನ್ನೊಂದು ರೈತ ಕಾರ್ಮಿಕರ ಬಿಡುಗಡೆಗೆ; ಮೊದಲನೆಯವರು ಹೊತ್ತು ಬಂದಾಗ ಬ್ರಿಟಿಷರ ಜೊತೆ ರಾಜಿಯಾಗುತ್ತಾರೆ ಎಂದರು. ಗಾಂಧೀಜಿಯ ಬಗ್ಗೆಯೂ ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತೆಂದು ರಾಯ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಜನಸಮೂಹವನ್ನು ಎಬ್ಬಿಸಿದವರೆಂದು ಲೆನಿನ್ ಗಾಂಧೀಜಿಯನ್ನು ಕ್ರಾಂತಿಕಾರಿಯೆಂದರೆ, ಅವರ ಸಾಮಾಜಿಕ ವಿಚಾರಗಳನ್ನು ಕಂಡ ರಾಯ್ ಪ್ರತಿಗಾಮಿಯೆಂದರು. ಅಧಿವೇಶನ ಇಬ್ಬರ ನಿರೂಪಣೆಗಳನ್ನೂ ತಿದ್ದಿ ಅಂಗೀಕರಿಸಿತು. ಜಗಳ ಬಗೆಹರಿಯಲಿಲ್ಲ, ಮುಂದಿನ ಪೀಳಿಗೆಗೆ ಬಳುವಳಿಯಾಯಿತು.

ಮುಂದಿನ ಇಪ್ಪತ್ತು ವರ್ಷ ಉತ್ತರ ಬದಲಾಗುತ್ತಲೇ ಹೋಯಿತು, ಬದಲಾವಣೆಯ ಕಾರಣಗಳು ಬಹುಮಟ್ಟಿಗೆ ಹೊರಗಿನವು. 1927ರ ಏಪ್ರಿಲ್‌ನಲ್ಲಿ ಚೀನಾದ ಚಿಯಾಂಗ್ ಕೈ ಶೇಕ್ ತನ್ನ ಜೊತೆಗಿದ್ದ ಕಮ್ಯುನಿಸ್ಟರನ್ನೇ ಶಾಂಘೈನಲ್ಲಿ ಕೊಲ್ಲಿಸಿದ. ಮರುವರ್ಷ ಇಂಟರ್‌ನ್ಯಾಷನಲ್ ಎಡಕ್ಕೆ ಹೊರಳಿತು. ಬಂಡವಾಳಗಾರ ವರ್ಗವನ್ನು ನಂಬುವ ಮಾತೇ ಇಲ್ಲ ಎಂದಿತು. ಹಾಗಾಗಿ 1930ರಲ್ಲಿ ದೇಶವೆಲ್ಲ ಉಪ್ಪಿನ ಸತ್ಯಾಗ್ರಹದಲ್ಲಿ ಎದ್ದು ನಿಂತಾಗ ಭಾರತದ ಕಮ್ಯುನಿಸ್ಟ್ ಪಕ್ಷ ದೂರ ಉಳಿಯಿತು. ಹಿಟ್ಲರನ ಭಯ ಬೆಳೆದ ಮೇಲೆ, 1935ರಲ್ಲಿ, ಐಕ್ಯರಂಗದ ಕರೆ ಬಂತು. ಕಮ್ಯುನಿಸ್ಟರು ಕಾಂಗ್ರೆಸ್ಸಿನೊಳಗೆ ಹೋಗಿ ದುಡಿದರು, ಮಲಬಾರಿನಂಥ ಕಡೆ ಬೇರೂರಿದ್ದು ಹಾಗೆಯೇ. 1941ರಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಹೋದ ಬಳಿಕ ಎರಡನೇ ಮಹಾಯುದ್ಧ ಪಕ್ಷದ ಕಣ್ಣಿಗೆ ಜನತಾ ಯುದ್ಧವಾಯಿತು. ಹಾಗಾಗಿ ಕ್ವಿಟ್ ಇಂಡಿಯಾ ಚಳವಳಿಯನ್ನು ಪಕ್ಷ ವಿರೋಧಿಸಿತು.

ಆ ಕಾಲದ ಇಕ್ಕಟ್ಟನ್ನು ಕನ್ನಡಿಗರು ಕಯ್ಯೂರಿನಲ್ಲಿ ಕಾಣಬಹುದು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಹಳ್ಳಿ. 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಪಕ್ಷ ಬ್ರಿಟಿಷರ ಯುದ್ಧಪ್ರಯತ್ನಕ್ಕೆ ಬೆಂಬಲ ಕೊಡುತ್ತಿದ್ದ ದಿನಗಳಲ್ಲೇ ಅದರ ರೈತರು ಬ್ರಿಟಿಷರ ನೇಣಿಗೆ ಹೋದರು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ಮೂಲಕ ಅವರ ಕಥೆ ಕನ್ನಡದಲ್ಲಿ ಉಳಿದಿದೆ.

ಈ ವಾದ ಸಭೆಯಿಂದ ಹೊಲಕ್ಕೆ ಇಳಿದದ್ದು ತೆಲಂಗಾಣದಲ್ಲಿ. ನಿಜಾಮನ ರಾಜ್ಯದ ನಲ್ಗೊಂಡ, ವರಂಗಲ್ ಸೀಮೆಯಲ್ಲಿ ದೇಶಮುಖರೆಂಬ ದೊಡ್ಡ ಜಮೀನ್ದಾರರ ಕೈಯಲ್ಲಿ ಸಾವಿರಾರು ಎಕರೆ ಇತ್ತು, ಊರಿನವರಿಗೆ ಬಿಟ್ಟಿ ಚಾಕರಿ ತಪ್ಪುತ್ತಿರಲಿಲ್ಲ. 1946ರಲ್ಲಿ ರೈತರು ತಿರುಗಿಬಿದ್ದರು. ಬರಬರುತ್ತ ಅದು ಸಶಸ್ತ್ರ ಹೋರಾಟವಾಯಿತು. ಸುಮಾರು 3,000 ಹಳ್ಳಿಗಳಲ್ಲಿ 10 ಲಕ್ಷ ಎಕರೆ ಹಂಚಿದೆವೆಂಬುದು ಪಕ್ಷದ ಲೆಕ್ಕ.

1948ರ ಆರಂಭದಲ್ಲಿ ಪಕ್ಷದ ಕಲ್ಕತ್ತೆಯ ಮಹಾಧಿವೇಶನದಲ್ಲಿ ಪಿ.ಸಿ. ಜೋಶಿಯವರ ಬದಲು ಬಿ.ಟಿ. ರಣದಿವೆ ಪ್ರಧಾನ ಕಾರ್ಯದರ್ಶಿಯಾದರು. ಬಂದ ಸ್ವಾತಂತ್ರ್ಯ ಸುಳ್ಳು, ಇಡೀ ಬಂಡವಾಳಗಾರ ವರ್ಗ ಶತ್ರು, ಹಳ್ಳಿಯ ಶ್ರೀಮಂತ ರೈತನೂ ಶತ್ರು, ನಗರದ ಮುಷ್ಕರಗಳಿಂದಲೇ ದಂಗೆ ಏಳುತ್ತದೆ ಎಂಬುದು ಅವರ ದಾರಿ. ಆಂಧ್ರದ ಸಮಿತಿ ಇದನ್ನು ಒಪ್ಪದೆ ಚೀನಾದ ಮಾವೋ ಕಡೆಗೆ ಕೈತೋರಿಸಿತು. ಹೋರಾಟದ ಬೆನ್ನೆಲುಬು ರೈತರು, ಮಧ್ಯಮ ರೈತ ಗಟ್ಟಿ ಮಿತ್ರ, ಶ್ರೀಮಂತ ರೈತನನ್ನು ಕಡೇಪಕ್ಷ ತಟಸ್ಥನಾಗಿಸಬಹುದು ಎಂದಿತು. ನೀವು ಶ್ರೀಮಂತ ರೈತರ ಹಿತವನ್ನೇ ಸಿದ್ಧಾಂತ ಮಾಡಿಕೊಂಡಿದ್ದೀರಿ ಎಂದು ರಣದಿವೆ ತಿರುಗೇಟು ಕೊಟ್ಟರು.

ಹೊಲದಲ್ಲಿ ಆಗುತ್ತಿದ್ದದ್ದನ್ನು ಗಮನಿಸಿ. ಒಬ್ಬರ ಕೈಯಲ್ಲಿರಬಹುದಾದ ಭೂಮಿಗೆ ಮೊದಲು ಪಕ್ಷ ಹಾಕಿದ ಮಿತಿ 500 ಎಕರೆ. ಅದಕ್ಕೆ ಸಿಕ್ಕುವವರು ದೊಡ್ಡ ದೇಶಮುಖರು ಮಾತ್ರ, ಉಳಿದ ಊರೆಲ್ಲ ಒಂದು ಕಡೆ ನಿಲ್ಲಬಹುದಿತ್ತು. ಭೂಮಿ ಬೇಡುವವರು ಹೆಚ್ಚಾದಂತೆ ಮಿತಿಯನ್ನು ಇಳಿಸುತ್ತ ಖುಷ್ಕಿಗೆ 100 ಎಕರೆ, ತರಿಗೆ 10 ಎಕರೆ ಎಂದು ಮಾಡಿದರು. ಕೂಲಿ ಹೆಚ್ಚಿಸಿ ಎಂಬ ಬೇಡಿಕೆ ಬಂದಾಗ ಅದರ ಭಾರ ಆಳುಗಳನ್ನಿಟ್ಟು ಬೇಸಾಯ ಮಾಡುವ ಪ್ರತಿಯೊಬ್ಬನ ಮೇಲೂ ಬಿತ್ತು. ನಿನ್ನೆ ಸಂಘದ ಸಭೆಗೆ ಬಂದವನು ನಾಳೆ ಬರುವನೋ ಇಲ್ಲವೋ ಎಂಬುದನ್ನು ಕಲ್ಕತ್ತೆಯ ದಸ್ತಾವೇಜಿಗಿಂತ ಈ ಅಂಕಿಗಳೇ ಹೆಚ್ಚು ನಿರ್ಧರಿಸುತ್ತಿದ್ದವು.

1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ಬಂತು, ನಿಜಾಮ ಶರಣಾದ. ಎಲ್ಲರ ಸಮಾನ ಶತ್ರು ಹೋದ ಮೇಲೆ ಬಂದೂಕು ಯಾರ ಮೇಲೆ? ತೆಲಂಗಾಣ ಹೋರಾಟದ ನಾಯಕ ರವಿ ನಾರಾಯಣ ರೆಡ್ಡಿಯಂಥವರು ನಿಲ್ಲಿಸೋಣ ಎಂದರು. ಬೇರೆಯವರು, ಗೆದ್ದ ಭೂಮಿ ಉಳಿಯಬೇಕಾದರೆ ಮುಂದುವರಿಸಲೇಬೇಕು ಎಂದರು. ಇತ್ತ 1949ರ ಮಾರ್ಚ್‌ನಲ್ಲಿ ರಣದಿವೆ ನೆಚ್ಚಿಕೊಂಡಿದ್ದ ರೈಲ್ವೆ ಮುಷ್ಕರ ಕೈಕೊಟ್ಟಿತು. 1950ರಲ್ಲಿ ಸೋವಿಯತ್ ನೇತೃತ್ವದ ಕಮ್ಯುನಿಸ್ಟ್ ಕೂಟವಾದ ಕಾಮಿನ್‌ಫಾರ್ಮ್‌ನ ಪತ್ರಿಕೆ ಚೀನಾದ ದಾರಿಯನ್ನು ಮೆಚ್ಚಿ ಬರೆದ ಕೆಲವೇ ತಿಂಗಳಲ್ಲಿ ಆಂಧ್ರದ ರಾಜೇಶ್ವರ ರಾವ್ ರಣದಿವೆಯವರ ಜಾಗಕ್ಕೆ ಬಂದರು. ಆದರೂ ಜಗಳ ತಣಿಯಲಿಲ್ಲ. 1951ರ ಫೆಬ್ರವರಿಯಲ್ಲಿ ರಾಜೇಶ್ವರ ರಾವ್, ಬಸವಪುನ್ನಯ್ಯ, ಅಜಯ್ ಘೋಷ್, ಡಾಂಗೆ ಎಂಬ ಪಕ್ಷದ ನಾಲ್ವರು ನಾಯಕರು ಮಾಸ್ಕೋಗೆ ಹೋಗಿ ಸ್ಟಾಲಿನ್ ಮುಂದೆ ಕುಳಿತರು. ಚೀನಾದ ಗೆರಿಲ್ಲಾಗಳ ಬೆನ್ನಿಗೆ ಸೋವಿಯತ್ ಗಡಿಯಿತ್ತು, ನಿಮಗೆ ಅಂಥ ಬೆಂಬಲವಿಲ್ಲ ಎಂಬುದನ್ನು ಸ್ಟಾಲಿನ್ ಎತ್ತಿ ತೋರಿಸಿದರು. ಆ ಅಕ್ಟೋಬರ್‌ನಲ್ಲಿ ಹೋರಾಟವನ್ನು ಹಿಂತೆಗೆದುಕೊಂಡರು. ಮರುವರ್ಷದ ಚುನಾವಣೆಯಲ್ಲಿ ರವಿ ನಾರಾಯಣ ರೆಡ್ಡಿ ನಲ್ಗೊಂಡದಿಂದ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು.

ಚುನಾವಣೆಯ ದಾರಿ ಹಿಡಿದ ಮೇಲೆ ಹಳೆಯ ಪ್ರಶ್ನೆಗೆ ಹೊಸ ರೂಪ ಬಂತು: ಕಾಂಗ್ರೆಸ್ಸನ್ನು ಏನೆಂದು ಎಣಿಸಬೇಕು? ಚೀನಾ ಯುದ್ಧದ ಬಿಸಿಯಲ್ಲಿ ಈ ಭಿನ್ನಮತ 1964ರ ಒಡಕಾಯಿತು; ಪಕ್ಷ ಸಿಪಿಐ, ಸಿಪಿಎಂ ಎಂದು ಎರಡಾಯಿತು. ರಾಷ್ಟ್ರೀಯ ಬಂಡವಾಳಗಾರರನ್ನೂ ಕಾಂಗ್ರೆಸ್ಸಿನ ಪ್ರಗತಿಪರರನ್ನೂ ಜೊತೆಗಿಟ್ಟುಕೊಂಡು ಹೋಗಬಹುದು ಎಂದು ಸಿಪಿಐ ನಂಬಿತು. ಆಳುವ ಕೂಟದ ಮುಂದಾಳು ದೊಡ್ಡ ಬಂಡವಾಳಗಾರ, ಆದ್ದರಿಂದ ಕಾರ್ಮಿಕ ವರ್ಗದ ನಾಯಕತ್ವ ಬಿಟ್ಟುಕೊಡುವಂತಿಲ್ಲ ಎಂದಿತು ಸಿಪಿಎಂ. ಮೂರೇ ವರ್ಷಕ್ಕೆ, 1967ರ ಮೇನಲ್ಲಿ, ಸಿಪಿಎಂ ಪಾಲುದಾರವಾಗಿದ್ದ ಪಶ್ಚಿಮ ಬಂಗಾಳ ಸರ್ಕಾರದ ಪೊಲೀಸರು ನಕ್ಸಲ್‌ಬಾರಿಯಲ್ಲಿ ರೈತರ ಗುಂಪಿನ ಮೇಲೆ ಗುಂಡು ಹಾರಿಸಿದರು. ಭಾರತದ ದೊಡ್ಡ ಬಂಡವಾಳಗಾರ ಬರೀ ವಿದೇಶಿಯರ ದಲ್ಲಾಳಿ ಎಂದ, ಅಲ್ಲಿನ ಹೋರಾಟದ ನಾಯಕ ಚಾರು ಮಜುಂದಾರ್ 1969ರಲ್ಲಿ ಮೂರನೇ ಪಕ್ಷ ಕಟ್ಟಿದರು. ವ್ಯಕ್ತಿಗಳನ್ನು ಕೊಲ್ಲುವ ಅವರ ದಾರಿ ಮಿತ್ರರ ವಲಯವನ್ನು ಹಿಗ್ಗಿಸುವ ಬದಲು ಕುಗ್ಗಿಸಿತು.

ಮುಂದಿನದು ನಿಮಗೆ ಗೊತ್ತಿರುವ ಕಥೆ. ತುರ್ತುಪರಿಸ್ಥಿತಿಯನ್ನು ಬೆಂಬಲಿಸಿದ ಸಿಪಿಐ ಆಮೇಲೆ ಅದನ್ನು ತಪ್ಪೆಂದು ಒಪ್ಪಿಕೊಂಡಿತು. 1996ರಲ್ಲಿ ಸಿಪಿಎಂ ನಾಯಕ ಜ್ಯೋತಿ ಬಸು ಪ್ರಧಾನಿಯಾಗುವ ಅವಕಾಶವನ್ನು ಆ ಪಕ್ಷದ ಕೇಂದ್ರ ಸಮಿತಿ ಬೇಡವೆಂದಿತು. ಬಸು ಅದನ್ನು ಚಾರಿತ್ರಿಕ ಪ್ರಮಾದ ಎಂದರು. ಸಿಪಿಎಂನ 2018ರ ಹೈದರಾಬಾದ್ ಮಹಾಧಿವೇಶನದಲ್ಲೂ ಕಾಂಗ್ರೆಸ್ ಜೊತೆಗಿನ ಹೊಂದಾಣಿಕೆಯೇ ದೊಡ್ಡ ಚರ್ಚೆ.

ಲೆನಿನ್ ಹೇಳಿದಂತೆ ಬಂಡವಾಳಗಾರ ವರ್ಗ ಸ್ವಾತಂತ್ರ್ಯ ಹೋರಾಟದಲ್ಲಿ ಬಹುದೂರ ಬಂತು. ರಾಯ್ ಹೇಳಿದಂತೆ ಭೂಮಿಯ ಪ್ರಶ್ನೆ ಎದುರಾದಾಗ ಹಿಂದೆ ಸರಿಯಿತು. ಇಬ್ಬರೂ ಅರ್ಧರ್ಧ ಸರಿ. ಏಕೆಂದರೆ ಮಿತ್ರನೂ ಶತ್ರುವೂ ಪಟ್ಟಿ ಮಾಡಿಡಬಹುದಾದ ಎರಡು ಜಾತಿಗಳಲ್ಲ. 500 ಎಕರೆಯ ಮಿತಿಯಲ್ಲಿ ಮಿತ್ರನಾಗಿದ್ದವನು 100 ಎಕರೆಯ ಮಿತಿಯಲ್ಲಿ ಎದುರಾಳಿಯಾಗಬಲ್ಲ. ನಮ್ಮ ಬೇಡಿಕೆ ಏನು ಎಂದು ನಿಶ್ಚಯಿಸಿಕೊಂಡಾಗಲೇ ನಮ್ಮ ಜೊತೆಗಾರರು ಯಾರೆಂಬುದೂ ನಿಶ್ಚಯವಾಗುತ್ತದೆ. ಬೇಡಿಕೆ ಹಿರಿದಾದಷ್ಟೂ ಜೊತೆಗಾರರು ಕಡಿಮೆ, ಜೊತೆಗಾರರು ಹೆಚ್ಚಾದಷ್ಟೂ ಬೇಡಿಕೆ ಸಣ್ಣದು. ಈ ಲೆಕ್ಕವನ್ನು ಮಾಸ್ಕೋ ಆಗಲಿ ಬೀಜಿಂಗ್ ಆಗಲಿ ಮಾಡಿಕೊಡಲು ಸಾಧ್ಯವಿರಲಿಲ್ಲ, ಅದನ್ನು ಆಯಾ ಊರಿನಲ್ಲೇ ಮಾಡಬೇಕಿತ್ತು.