ಮಾಗಿಯ ಚಳಿ ಮತ್ತು ಎಳೆಗರುಗಳ ಆರೈಕೆ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ದೀಪಾವಳಿ ಕಳೆದು ಚಳಿ ಕಾಲಿಟ್ಟಿದೆ. ಬೆಳಗಿನ ಜಾವ ಕ್ಯಾನು ಹಿಡಿದು ಸಂಘಕ್ಕೆ ಬರುವಾಗ ನೀವೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು, ಮೈಗೆ ಶಾಲು ಹೊದ್ದುಕೊಂಡು ಬರುತ್ತೀರಿ. ಅದೇ ಹೊತ್ತಿನಲ್ಲಿ ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿರುವ ಎಂಟು ದಿನದ ಕರು ಯಾವ ಸ್ಥಿತಿಯಲ್ಲಿದೆ? ಇಂದು ಆ ಕರುವಿನ ವಿಚಾರವನ್ನೇ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಕರು ಚಳಿಗೆ ನಡುಗುತ್ತಿದೆ ಎಂದು ಒಬ್ಬ ತಾಯಿ ಕರೆಸಿದರು. "ಕೊಟ್ಟಿಗೆ ಚೆನ್ನಾಗಿ ಮುಚ್ಚಿಬಿಡಿ ಅಮ್ಮಾ, ಗಾಳಿ ಬರಬಾರದು" ಎಂದಷ್ಟೇ ಹೇಳಿ ಹೊರಟುಬಂದೆ. ಆಕೆ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಕಿಟಕಿಗೆ ಗೋಣಿ ತುರುಕಿ, ಸೂರಿನ ಸಂದಿಗೆಲ್ಲ ಗೊಬ್ಬರದ ಚೀಲ ಸಿಕ್ಕಿಸಿ, ಸೊಳ್ಳೆಗೆಂದು ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ ಬಾಗಿಲು ಎಳೆದುಕೊಂಡರು. ಹತ್ತು ದಿನ ಬಿಟ್ಟು ಹೋದಾಗ ಕರು ಉಸಿರಿಗೆ ಒದ್ದಾಡುತ್ತಿತ್ತು. ಶ್ವಾಸಕೋಶದ ಸೋಂಕು. ಉಳಿಯಲಿಲ್ಲ. "ನೀವು ಹೇಳ್ದಂಗೇ ಮುಚ್ಚಿದ್ವಲ್ಲ ಡಾಕ್ಟ್ರೇ" ಎಂದರು ಆಕೆ. ಆ ಮಾತಿನಲ್ಲಿ ಕೋಪವಿರಲಿಲ್ಲ. ನಾನು ಅರ್ಧ ಹೇಳಿದ ಸಲಹೆಯಿಂದ ಆ ಮನೆಯ ಹೆಣ್ಣುಗರು ಹೋಯಿತು. ಅಂದಿನಿಂದ ಈ ವಿಷಯವನ್ನು ಎಲ್ಲಿ ಹೇಳಿದರೂ ಪೂರ್ತಿಯಾಗಿ ಹೇಳುತ್ತೇನೆ.

ಹಸುವಿಗಿಲ್ಲದ ಚಳಿ ಕರುವಿಗೇಕೆ?

"ಹಸು ಆರಾಮಾಗಿ ಮೆಲುಕು ಹಾಕುತ್ತಿದೆ, ಪಕ್ಕದಲ್ಲಿರುವ ಕರುವಿಗೆ ಮಾತ್ರ ಏನು ಚಳಿ?" ಎಂದು ಕೇಳುವವರಿದ್ದಾರೆ. ದೊಡ್ಡ ಹಸುವಿನ ಹೊಟ್ಟೆ ಒಂದು ಒಲೆಯಿದ್ದಂತೆ. ತಿಂದ ಮೇವು ಅಲ್ಲಿ ಹುದುಗುವಾಗ ಕಾವು ಹುಟ್ಟುತ್ತದೆ. ಮಿಶ್ರತಳಿ ಹಸುವಿಗೆ ಬೇಸಿಗೆಗಿಂತ ಚಳಿಗಾಲವೇ ಹಿತ. ಎಳೆಗರುವಿಗೆ ಆ ಒಲೆ ಇನ್ನೂ ಹೊತ್ತಿಲ್ಲ. ಅದು ಬರೀ ಹಾಲಿನ ಮೇಲಿರುತ್ತದೆ. ಮೈಯಲ್ಲಿ ಕೊಬ್ಬಿನ ಸಂಗ್ರಹ ಬಹಳ ಕಡಿಮೆ. ಚಳಿ ಹೆಚ್ಚಾಗಿ ಹಾಲು ಸಿಗದಿದ್ದರೆ ಆ ಕೊಬ್ಬು ಒಂದು ದಿನಕ್ಕೂ ಸಾಲದು.

ಮೊದಲ ಮೂರು ವಾರ ಕೊಟ್ಟಿಗೆಯ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರು ತನ್ನ ಮೈಶಾಖ ಕಾಯ್ದುಕೊಳ್ಳಲು ಹೆಣಗಬೇಕಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇದಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಬೆಂಗಳೂರಿನಲ್ಲೇ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿದೆ. ಕರುವಿನ ಮೈ ಒದ್ದೆಯಾಗಿದ್ದು ಮೇಲೆ ಗಾಳಿಯೂ ಬೀಸಿದರೆ 15 ಡಿಗ್ರಿಗಿಂತ ಬೆಚ್ಚಗಿರುವಾಗಲೇ ಅದು ನಡುಗುತ್ತದೆ. ಆದುದರಿಂದ ನಾವು ತಡೆಯಬೇಕಾದ ಶತ್ರುಗಳು ಮೂರು: ಒದ್ದೆ, ಬೀಸುಗಾಳಿ ಮತ್ತು ಹಸಿವು.

ಗಿಣ್ಣುಹಾಲೇ ಮೊದಲ ಕಂಬಳಿ

ಕರು ಹುಟ್ಟಿದ ಕೂಡಲೇ ತಾಯಿ ನೆಕ್ಕಲು ಬಿಡಿ. ತಾಯಿ ನೆಕ್ಕದಿದ್ದರೆ ಒಣ ಗೋಣಿತಾಟಿನಿಂದ ಮೈಯೆಲ್ಲ ಚೆನ್ನಾಗಿ ಉಜ್ಜಿ ಒರೆಸಿ. ಉಜ್ಜುವುದರಿಂದ ಮೈ ಒಣಗುವುದಲ್ಲದೆ ರಕ್ತಸಂಚಾರವೂ ಚುರುಕಾಗುತ್ತದೆ. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಇದನ್ನು ಬಿಡಿ. ಕರು ಕುಡಿದರೆ ಕಸ ಬೀಳಲು ಸಹಾಯವೇ ಆಗುತ್ತದೆ. ಗಿಣ್ಣುಹಾಲಿನ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿದ್ದು, ಆಮೇಲೆ ಕುಗ್ಗುತ್ತಾ ಒಂದು ದಿನದೊಳಗೆ ಇಲ್ಲವಾಗುತ್ತದೆ. 25ರಿಂದ 30 ಕಿಲೋ ತೂಗುವ ಕರುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಒಂದೂವರೆ ಲೀಟರ್, ಮತ್ತೆ ಆರು ಗಂಟೆಯೊಳಗೆ ಅಷ್ಟೇ ಗಿಣ್ಣುಹಾಲು ಹೊಟ್ಟೆ ಸೇರಲಿ. ಗಿಣ್ಣು ಕಾಯಿಸಿ ನೆರೆಹೊರೆಗೆ ಹಂಚುವುದು ನಮ್ಮ ಸಂಪ್ರದಾಯ, ಬೇಡವೆನ್ನಲಾರೆ. ಆದರೆ ಮೊದಲ ಪಾಲು ಕರುವಿನದು. ಉಳಿದದ್ದು ನೆರೆಮನೆಗೆ.

ಹಾಸು ಒಣಗಿರಲಿ

ಬರಿಯ ಸಿಮೆಂಟ್ ನೆಲ ಅಥವಾ ಕಲ್ಲುಚಪ್ಪಡಿ ಕರುವಿನ ಮೈಶಾಖವನ್ನು ಹೀರಿಬಿಡುತ್ತದೆ. ಗೊಂತಿನಲ್ಲಿ ದನ ತಿಂದುಳಿದ ರಾಗಿಹುಲ್ಲು, ಭತ್ತದ ಹುಲ್ಲು, ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು, ಯಾವುದಾದರೂ ಸರಿ, ಒಂದು ಗೇಣಿನಷ್ಟು ದಪ್ಪ ಹಾಕಿ. ಕರು ಮಲಗಿದರೆ ಅದರ ಕಾಲುಗಳು ಹುಲ್ಲಿನೊಳಗೆ ಹುದುಗಬೇಕು. ಗಂಜಲ ಹರಿದುಹೋಗುವಂತೆ ನೆಲಕ್ಕೆ ಇಳಿಜಾರಿರಲಿ.

ಹಾಸು ಒಣಗಿದೆಯೇ ಎಂದು ಕಣ್ಣಿನಿಂದ ನೋಡಿದರೆ ತಿಳಿಯದು. ಕರು ಮಲಗುವ ಜಾಗದಲ್ಲಿ ಮಂಡಿಯೂರಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ ಏಳಿ. ನಿಮ್ಮ ಪಂಚೆ ಅಥವಾ ಸೀರೆ ಮಂಡಿಯ ಬಳಿ ಒದ್ದೆಯಾಗಿದ್ದರೆ ಆ ಹಾಸನ್ನು ತಿಪ್ಪೆಗೆ ಹಾಕಿ, ಹೊಸದನ್ನು ಹರಡಿ.

ಗಾಳಿಯಾಡಬೇಕು, ಗಾಳಿ ಬೀಸಬಾರದು

ನಾನು ಆ ತಾಯಿಗೆ ಹೇಳದೆ ಬಿಟ್ಟ ಅರ್ಧ ಇದೇ. ಚಳಿಗಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಗಾಳಿ ಬೀಸುತ್ತದೆ. ಆ ಕಡೆಗೆ ನೆಲದಿಂದ ಮೂರು, ನಾಲ್ಕು ಅಡಿ ಎತ್ತರದವರೆಗೆ ಗೋಣಿತಾಟು, ತೆಂಗಿನಗರಿಯ ತಡಿಕೆ ಕಟ್ಟಿ ಕರುವಿನ ಮೈಗೆ ನೇರವಾಗಿ ಗಾಳಿ ಬೀಸದಂತೆ ತಡೆಯಿರಿ. ಸೂರಿನ ಕೆಳಗಿನ ಸಂದಿಯನ್ನು ಮಾತ್ರ ಮುಚ್ಚಬೇಡಿ. ಹಬೆ, ಗಂಜಲದ ಘಾಟು ಹೊರಹೋಗಲು ಇರುವ ದಾರಿ ಅದೊಂದೇ. ಬೆಳಗ್ಗೆ ಬಾಗಿಲು ತೆಗೆದೊಡನೆ ಕರುವಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಉಸಿರೆಳೆದುಕೊಳ್ಳಿ. ನಿಮ್ಮ ಕಣ್ಣು, ಮೂಗು ಉರಿದರೆ ಕರು ರಾತ್ರಿಯಿಡೀ ಆ ಘಾಟನ್ನೇ ಉಸಿರಾಡಿದೆ ಎಂದರ್ಥ.

ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಹಾಕುವುದಾಗಲಿ, ಇದ್ದಿಲ ಕೆಂಡ ಇಡುವುದಾಗಲಿ ಬೇಡವೇ ಬೇಡ. ಇದ್ದಿಲಿನಿಂದ ಬರುವ ವಿಷಾನಿಲಕ್ಕೆ ವಾಸನೆಯೂ ಇರುವುದಿಲ್ಲ. ಒಣಹುಲ್ಲಿನ ಬಳಿ ಬೆಂಕಿಯ ಅಪಾಯ ಬೇರೆ. ಬಲ್ಬು ಹಾಕಿದರೆ ಬೆಚ್ಚಗಿರುತ್ತದೆ ಎನ್ನುವವರು ಒಂದು ಮಾತು ನೆನಪಿಡಿ: ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ.

ಒಂದು ತಿಂಗಳೊಳಗಿನ ಕರುವಿಗೆ ರಾತ್ರಿ ಗೋಣಿಚೀಲದ ಅಂಗಿ ಕಟ್ಟಿ. ಬೆನ್ನು, ಪಕ್ಕೆ ಮುಚ್ಚಲಿ, ಗಂಜಲ ತಾಗುವ ಭಾಗ ಬಿಡುವಾಗಿರಲಿ. ಬಿಸಿಲೇರಿದ ಮೇಲೆ ಬಿಚ್ಚಿ ಬಿಸಿಲಿಗೆ ಹಾಕಿ. ಒದ್ದೆ ಗೋಣಿ ಹೊದಿಸುವುದಕ್ಕಿಂತ ಏನೂ ಹೊದಿಸದಿರುವುದೇ ಮೇಲು. ಸಂಕ್ರಾಂತಿಗೆ ದನಗಳ ಮೈ ತೊಳೆಯುವಾಗ ಎಳೆಗರುಗಳನ್ನು ಬಿಟ್ಟುಬಿಡಿ, ಅರಿಶಿನ ಕುಂಕುಮ ಇಟ್ಟರೆ ಸಾಕು.

ಕರುವಿನ ಹಾಲು ಕಡಿಯಬೇಡಿ

ಒಕ್ಕೂಟದವನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಂಘಕ್ಕೆ ಅರ್ಧ ಲೀಟರ್ ಕಡಿಮೆ ಹಾಕಿ, ಪರವಾಗಿಲ್ಲ. ಕರುವಿಗೆ ದಿನಕ್ಕೆ ಅದರ ತೂಕದ ಹತ್ತನೇ ಒಂದು ಭಾಗ ಹಾಲು ಬೇಕು. ಕಡುಚಳಿಯ ದಿನಗಳಲ್ಲಿ ಅದರ ಮೇಲೆ ಅರ್ಧ ಲೀಟರ್ ಹೆಚ್ಚಿಗೆ ಕೊಡಿ. ಎರಡು ಹೊತ್ತಿನ ಬದಲು ಮೂರು ಹೊತ್ತು ಮಾಡಿ, ಕೊನೆಯದನ್ನು ಮಲಗುವ ಮುನ್ನ ಕುಡಿಸಿ. ಹಾಲು ಕರೆದಾಗಿನಷ್ಟೇ ಬೆಚ್ಚಗಿರಲಿ. ಎರಡನೇ ವಾರದಿಂದ ಒಂದೊಂದು ಹಿಡಿ ಕರುವಿನ ಆಹಾರ ತಿನ್ನಿಸಲು ಶುರುಮಾಡಿ, ಕುಡಿಯಲು ನೀರಿಡಿ. ಹೊಟ್ಟೆಯ ಒಲೆ ಬೇಗ ಹೊತ್ತಿಕೊಳ್ಳುತ್ತದೆ. ಇಂದು ಹುಟ್ಟಿದ ಹೆಣ್ಣುಗರು ಚೆನ್ನಾಗಿ ಬೆಳೆದರೆ ಎರಡೂವರೆ, ಮೂರು ವರ್ಷದಲ್ಲಿ ನಿಮ್ಮ ಮನೆಯಲ್ಲೇ ಕರೆಯುವ ಹಸುವಾಗುತ್ತದೆ. ಸಾಲ ಮಾಡಿ ಹಸು ತಂದವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ಗಂಡುಗರುವಿಗೂ ಚಳಿ ಅಷ್ಟೇ ಎಂಬುದನ್ನೂ ಮರೆಯಬೇಡಿ.

ಕರು ತಣ್ಣಗಾದರೆ

ಕರು ಹಾಲು ಬೇಡವೆಂದು ಮುದುಡಿ ಮಲಗಿದ್ದರೆ ಅದರ ಬಾಯೊಳಗೆ ಬೆರಳಿಡಿ. ಬಾಯಿ ತಣ್ಣಗಿದ್ದರೆ ತಡಮಾಡಬೇಡಿ. ಆರೋಗ್ಯವಂತ ಕರುವಿನ ಮೈಶಾಖ ಸುಮಾರು 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 100ಕ್ಕಿಂತ ಕೆಳಗಿದ್ದರೆ ಅಪಾಯ. ಮೈ ಒಣಗಿಸಿ, ಉಜ್ಜಿ, ಕಂಬಳಿ ಹೊದಿಸಿ. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕೆಗೆ ಇಡಿ. ಚೀಪುವ ಶಕ್ತಿಯಿದ್ದರೆ ಮಾತ್ರ ಬೆಚ್ಚನೆಯ ಹಾಲು ಕುಡಿಸಿ. ಶಕ್ತಿಯಿಲ್ಲದ ಕರುವಿನ ಬಾಯಿಗೆ ಗೊಟ್ಟದಲ್ಲಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥ ಕರುವಿಗೆ, ಹಾಗೆಯೇ ಜ್ವರ, ಕೆಮ್ಮು, ಉಬ್ಬಸವಿರುವ ಕರುವಿಗೆ, ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕರೆಸಿ.

ಇಂದು ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಒಮ್ಮೆ ಕೊಟ್ಟಿಗೆಗೆ ಹೋಗಿಬನ್ನಿ. ಹಾಸಿನ ಮೇಲೆ ಮಂಡಿಯೂರಿ, ತಲೆಯೆತ್ತಿ ಸೂರಿನ ಸಂದಿ ನೋಡಿ, ಕರುವಿನ ಹೊಟ್ಟೆ ಮುಟ್ಟಿ ನೋಡಿ. ಐದು ನಿಮಿಷದ ಕೆಲಸ. ಮೂರೂ ಸರಿಯಿದ್ದರೆ ನೀವೂ ನೆಮ್ಮದಿಯಾಗಿ ಮಲಗಬಹುದು.